ತರಗತಿಯಲ್ಲಿ ಬೀಗದ ಪೆಟ್ಟಿಗೆ

ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ವರ್ಷಗಳ ಹಿಂದೆ ವಿದೇಶದಿಂದ ಬಂದಾಗ ಒಂದು ಮರದ ಪೆಟ್ಟಿಗೆಯನ್ನು ತಂದು, "ಪಂಡಿತರೇ, ಇದು ತಮ್ಮ ತರಗತಿಗೆ" ಎಂದು ಮೇಜಿನ ಮೇಲಿಟ್ಟರು. ಪೆಟ್ಟಿಗೆಯ ಕೊಂಡಿಗೆ ನಾಲ್ಕೈದು ಬೀಗಗಳು ಜೋತುಬಿದ್ದಿದ್ದವು. ವ್ಯಾಕರಣ ಛಂದಸ್ಸುಗಳನ್ನು ಬೋಧಿಸುವವನಿಗೆ ಬೀಗಗಳಿಂದೇನು ಪ್ರಯೋಜನವೆಂದು ಆ ದಿನ ನಾನು ಮನಸ್ಸಿನಲ್ಲಿಯೇ ನಕ್ಕದ್ದುಂಟು. ಈಗ ಆ ಪೆಟ್ಟಿಗೆಯ ವಿಷಯವಾಗಿಯೇ ಈ ಸಂಚಿಕೆಗೆ ಬರೆಯಲು ಕುಳಿತಿದ್ದೇನೆ. ಇಂತಹ ಸಾಮಗ್ರಿಯನ್ನು ಕೊಳ್ಳಬೇಕೆಂದಿರುವ ಅಧ್ಯಾಪಕ ಮಿತ್ರರಿಗೂ ಕೊಡಿಸಬೇಕೆಂದಿರುವ ದಾನಿಗಳಿಗೂ ನನ್ನ ಅನುಭವದಿಂದ ಅಷ್ಟಿಷ್ಟು ಉಪಯೋಗವಾದೀತೆಂಬುದೇ ಈ ಬರಹದ ಉದ್ದೇಶ.

ಎಸ್ಕೇಪ್ ರೂಮ್ ಎಂಬ ಆಟ 2007ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ತಕಾವೋ ಕಾಟೋ ಎಂಬವರ ಸ್ಕ್ರಾಪ್ ಸಂಸ್ಥೆಯಿಂದ ಆರಂಭವಾಯಿತು. ಆಟಗಾರರು ಒಂದು ಕೋಣೆಯೊಳಗೆ ಸೇರಿ, ಅಲ್ಲಿ ಅಡಗಿಸಿಟ್ಟ ಸುಳಿವುಗಳನ್ನು ಒಂದಕ್ಕೊಂದು ಹೊಂದಿಸಿ, ನಿಗದಿಯಾದ ಅವಧಿಯೊಳಗೆ ಹೊರಬರುವ ದಾರಿಯನ್ನು ಕಂಡುಕೊಳ್ಳಬೇಕು. ಇದನ್ನೇ ಶಾಲೆಗೆ ತಂದವರು ಕ್ರಮವನ್ನು ತಿರುವುಮುರುವು ಮಾಡಿದರು. ಅಮೆರಿಕದಲ್ಲಿ 2015ರಲ್ಲಿ ಹೊರಬಂದ ಬ್ರೇಕ್‌ಔಟ್ ಈಡಿಯು ಎಂಬ ಕಿಟ್ಟಿನಲ್ಲಿ ಮಕ್ಕಳು ಕೋಣೆಯಿಂದ ಹೊರಬರುವುದಿಲ್ಲ, ಬೀಗ ಹಾಕಿದ ಪೆಟ್ಟಿಗೆಯೊಳಕ್ಕೆ ಹೋಗುತ್ತಾರೆ. ಈ ವ್ಯತ್ಯಾಸವನ್ನು ಸಣ್ಣದೆಂದು ಭಾವಿಸಲಾಗದು. 2019ರ ಜನವರಿ 4ರಂದು ಪೋಲೆಂಡಿನ ಕೊಶಾಲಿನ್ ಪಟ್ಟಣದ ಇಂತಹದೊಂದು ಕೋಣೆಯಲ್ಲಿ ಬೆಂಕಿ ಹತ್ತಿ, ಹೊರಬರಲಾಗದೆ, ಹದಿನೈದು ವರ್ಷದ ಐವರು ಬಾಲಕಿಯರು ಮೃತರಾದರು. ನಮ್ಮ ಒಂಬತ್ತು ಹತ್ತನೆಯ ತರಗತಿಯ ಹುಡುಗಿಯರ ವಯಸ್ಸು ಅದು. ಆದುದರಿಂದ ಮೊದಲ ನಿಯಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೀಗ ಪೆಟ್ಟಿಗೆಗೆ ಮಾತ್ರ. ತರಗತಿಯ ಬಾಗಿಲಿಗೆ ತಮಾಷೆಗೂ ಅಗಣಿ ಹಾಕಕೂಡದು.

ಒಗಟು ಬಿಡಿಸುವ ಆಟ ನಮ್ಮವರಿಗೆ ಹೊಸದೇನಲ್ಲ. ಜನಪದರ ಒಗಟು, ಶರಣರ ಬೆಡಗು, ಕವಿಗಳ ಚಿತ್ರಬಂಧ ಇವೆಲ್ಲ ಒಂದು ಬಗೆಯಲ್ಲಿ ಬೀಗಗಳೇ. ಕುಮುದೇಂದುವಿನ ಸಿರಿಭೂವಲಯವಂತೂ 27 ಸಾಲು 27 ಕಂಬಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳನ್ನಿಟ್ಟು, ಅವುಗಳನ್ನೇ ಅಕ್ಷರಗಳಾಗಿ ಓದಿಕೊಳ್ಳಿರೆಂದು ಕೊಟ್ಟ ಗ್ರಂಥ. ಹೊಸದು ಯಾವುದೆಂದರೆ ಉತ್ತರ ಸರಿಯೋ ತಪ್ಪೋ ಎಂಬುದನ್ನು ಗುರುವಿನ ಬದಲು ಲೋಹವೊಂದು ಹೇಳುವುದು. ಬೀಗಕ್ಕೆ ದಾಕ್ಷಿಣ್ಯವಿಲ್ಲ, ಕೋಪವೂ ಇಲ್ಲ. ತಪ್ಪು ಹೇಳಲು ನಾಚುವ ಮಗು ಬೀಗದ ಮುಂದೆ ಹತ್ತು ಸಲ ತಪ್ಪುತ್ತದೆ. ಈ ಒಂದು ಗುಣಕ್ಕಾಗಿಯೇ ನಾನು ಈ ಸಾಮಗ್ರಿಗೆ ಮನಸೋತದ್ದು.

ಮೊದಲ ದಿನದ ಅನುಭವ ಮಾತ್ರ ನಗೆಪಾಟಲಾಗಿತ್ತು. ಐವತ್ತಕ್ಕೂ ಹೆಚ್ಚು ಮಕ್ಕಳು, ಒಂದೇ ಪೆಟ್ಟಿಗೆ. ಮೂವರು ಹುಡುಗರು ಮುನ್ನುಗ್ಗಿ ಪೆಟ್ಟಿಗೆಯನ್ನು ವಶಪಡಿಸಿಕೊಂಡರು. ಉಳಿದವರು ಬೆಂಚುಗಳ ಮೇಲೆ ನಿಂತು ಜಾತ್ರೆ ನೋಡುವಂತೆ ನೋಡಿದರು. ಅಷ್ಟರಲ್ಲಿ ಯಾರೋ ಅಂಕಿಬೀಗದ ಬಿಲ್ಲನ್ನು ಎಳೆದು ತಿರುಗಿಸಿ, ಸಂಖ್ಯೆ ಬದಲಿಸುವ ನೆಲೆಗೆ ತಂದು, ಬಿಲ್ಲೆಗಳನ್ನೂ ತಿರುಗಿಸಿಬಿಟ್ಟಿದ್ದರು. ಬೀಗಕ್ಕೆ ಯಾರೂ ಅರಿಯದ ಹೊಸ ಸಂಖ್ಯೆ ಬಂದಿತು. ಗಂಟೆ ಬಾರಿಸಿದ ಮೇಲೆ ಜವಾನನು ಸುತ್ತಿಗೆ ತಂದು ಒಡೆಯಬೇಕಾಯಿತು. ಹಿಂದಿನ ಬೆಂಚಿನ ಬಾಲಕಿಯೊಬ್ಬಳು ಪಟ್ಟಿಯಲ್ಲಿ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಸರಿಯಾದ ಉತ್ತರವನ್ನು ಹತ್ತು ನಿಮಿಷದಲ್ಲಿಯೇ ಬರೆದಿಟ್ಟಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಡೆದ ಬೀಗಕ್ಕಿಂತ ಆ ಪಟ್ಟಿಯೇ ನನ್ನನ್ನು ಹೆಚ್ಚು ದಿನ ಕಾಡಿತು.

ಕೊಳ್ಳುವವರು ಗಮನಿಸಬೇಕಾದ ಸಂಗತಿಗಳನ್ನು ಇನ್ನು ಹೇಳುತ್ತೇನೆ. ಪೇಟೆಯಲ್ಲಿ ಎರಡು ಜಾತಿಯ ಕಿಟ್ಟುಗಳಿವೆ. ಒಂದು ಒಮ್ಮೆ ಆಡಿ ಮುಗಿಸುವಂಥದು. ಜರ್ಮನಿಯ ಕೋಸ್ಮೋಸ್ ಪ್ರಕಾಶನದ ಎಕ್ಸಿಟ್ ಎಂಬ ಆಟ 2017ರಲ್ಲಿ ಆ ದೇಶದ ದೊಡ್ಡ ಪ್ರಶಸ್ತಿಯನ್ನು ಪಡೆದ ಸೊಗಸಾದ ಆಟವೇ ಸರಿ. ಆದರೆ ಅದರಲ್ಲಿ ಕಾಗದಗಳನ್ನು ಕತ್ತರಿಸಿ, ಮಡಿಸಿ, ಬರೆದು ಒಗಟು ಬಿಡಿಸಬೇಕಾದುದರಿಂದ ಮತ್ತೊಂದು ತಂಡಕ್ಕೆ ಅದು ದಕ್ಕದು. ಮನೆಗೆ ಅದು ಒಪ್ಪುತ್ತದೆ, ಶಾಲೆಗೆ ಒಪ್ಪದು. ಸಂಖ್ಯೆ ಬದಲಿಸಬಹುದಾದ ಬೀಗಗಳುಳ್ಳ, ಪಾಠವನ್ನು ನಾವೇ ತುಂಬಬಹುದಾದ ಎರಡನೆಯ ಜಾತಿಯೇ ನಮಗೆ ತಕ್ಕದ್ದು.

ಬೀಗಗಳಲ್ಲಿ ಮೂರಂಕಿಯದು ಅಗ್ಗ, ಆದರೆ ದುರ್ಬಲ. ಅದಕ್ಕಿರುವ ಸಂಖ್ಯೆಗಳು ಒಂದು ಸಾವಿರ. ಒಂದು ಸಂಖ್ಯೆಗೆ ಎರಡು ಸೆಕೆಂಡಿನಂತೆ ಸಹನೆಯುಳ್ಳ ಹುಡುಗನೊಬ್ಬ 000ದಿಂದ ತಿರುಗಿಸುತ್ತ ಹೋದರೆ, ಒಂದಕ್ಷರವನ್ನೂ ಓದದೆ ಮೂವತ್ತನಾಲ್ಕು ನಿಮಿಷಗಳೊಳಗೆ ಪೆಟ್ಟಿಗೆ ತೆರೆಯುತ್ತಾನೆ. ಎರಡಂಕಿ ತಿಳಿದಿದ್ದರಂತೂ ಹತ್ತೇ ಪ್ರಯತ್ನ. ನಾಲ್ಕಂಕಿಯದಕ್ಕೆ ಅದೇ ವೇಗದಲ್ಲಿ ಐದೂವರೆ ಗಂಟೆ ಬೇಕು. ಆದುದರಿಂದ ಮುಖ್ಯ ಪಾಠಕ್ಕೆ ನಾಲ್ಕಂಕಿಯ ಬೀಗವನ್ನೇ ಇಡಬೇಕು. ಮೇಲೆ ಕೆಳಗೆ ಎಡ ಬಲ ಎಂದು ಗುಂಡಿ ಸರಿಸುವ ದಿಕ್ಕಿನ ಬೀಗವೂ ಸಿಗುತ್ತದೆ. ತಪ್ಪಿದಾಗ ಬಿಲ್ಲನ್ನು ಎರಡು ಬಾರಿ ಅದುಮಿ ಹಿಂದಿನದನ್ನು ಅಳಿಸಬೇಕೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸದಿದ್ದರೆ ಸರಿಯುತ್ತರವೂ ತೆರೆಯದು. ಸಂಖ್ಯೆಯನ್ನು ಹಾಕಿದವರು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು.

ಅಕ್ಷರಬೀಗದ ಮಾತು ಬೇರೆ. ಅದರಲ್ಲಿರುವುದು ರೋಮನ್ ಅಕ್ಷರಗಳು. ನಮ್ಮ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳು ಆ ಪುಟ್ಟ ಬಿಲ್ಲೆಯ ಮೇಲೆ ಹಿಡಿಸುವುದಾದರೂ ಹೇಗೆ? ಬಹಳ ದಿನ ಇದೊಂದು ಕೊರತೆಯೆಂದೇ ಭಾವಿಸಿದ್ದೆ. ಆಮೇಲೆ ಪಾಠಶಾಲೆಯಲ್ಲಿ ಕಲಿತ ಕಟಪಯಾದಿ ಸೂತ್ರ ನೆನಪಾಯಿತು. ಕಕಾರದಿಂದ ಒಂಬತ್ತು, ಟಕಾರದಿಂದ ಒಂಬತ್ತು, ಪಕಾರದಿಂದ ಐದು, ಯಕಾರದಿಂದ ಎಂಟು; ಞಕಾರ ನಕಾರಗಳು ಸೊನ್ನೆ; ಒತ್ತಕ್ಷರದಲ್ಲಿ ಕೊನೆಯ ವ್ಯಂಜನವೇ ಗಣನೆಗೆ; ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 'ಕನ್ನಡ' ಎಂಬ ಮಾತಿನಲ್ಲಿ ಕ ಒಂದು, ನ್ನ ಸೊನ್ನೆ, ಡ ಮೂರು, ತಿರುಗಿಸಿದರೆ 301. ಸಂಗೀತಗಾರರು ಎಪ್ಪತ್ತೆರಡು ಮೇಳಗಳ ಸ್ಥಾನವನ್ನು ಅರಿಯುವುದೂ ಹೀಗೆಯೇ: ಧೀರಶಂಕರಾಭರಣದ 'ಧೀರ' 29, ಮೇಚಕಲ್ಯಾಣಿಯ 'ಮೇಚ' 65. ನಾಲ್ಕಂಕಿಯ ಬೀಗಕ್ಕೆ 2965 ಎಂದಿಟ್ಟು, ಎರಡು ರಾಗಗಳ ಹೆಸರನ್ನು ಮಾತ್ರ ಚೀಟಿಯಲ್ಲಿ ಬರೆದು ಕೊಟ್ಟ ದಿನ, ಸಂಗೀತದ ಅಧ್ಯಾಪಿನಿಯವರು ತಾವಾಗಿಯೇ ಬಂದು ನನ್ನ ತರಗತಿಯಲ್ಲಿ ಕುಳಿತರು. ಹೊರದೇಶದ ಬೀಗಕ್ಕೆ ನಮ್ಮ ಹಿರಿಯರ ಸೂತ್ರ ಇಷ್ಟು ಚೆನ್ನಾಗಿ ಒಪ್ಪೀತೆಂದು ನಾನು ಎಣಿಸಿರಲಿಲ್ಲ.

ಛಂದಸ್ಸಿಗಂತೂ ಅಂಕಿಬೀಗವೇ ಸಹಜವಾದ ಉಪಕರಣ. ಭಾಮಿನಿಯ ಮೊದಲ ಪಾದ 14 ಮಾತ್ರೆ, ಮೂರನೆಯದು 23, ಬೀಗ 1423. ವಾರ್ಧಕಕ್ಕೆ 20 ಮತ್ತು 32; ಬೀಗ 2032. ಚಾಮರಸನ ಪ್ರಭುಲಿಂಗಲೀಲೆಯ ಪದ್ಯವೊಂದನ್ನೂ ರಾಘವಾಂಕನ ಹರಿಶ್ಚಂದ್ರಕಾವ್ಯದ ಪದ್ಯವೊಂದನ್ನೂ ಪಾದ ವಿಂಗಡಿಸದೆ ಓಲೆಗರಿಯಲ್ಲಿರುವಂತೆ ಒಂದೇ ಹರಿವಿನಲ್ಲಿ ಬರೆದುಕೊಟ್ಟರೆ, ಆದಿಪ್ರಾಸವನ್ನು ಹಿಡಿದು ಪಾದಗಳನ್ನು ಕಂಡುಕೊಳ್ಳುವ ಕೆಲಸವೂ ಸೇರುತ್ತದೆ.

ಇಲ್ಲಿಯೇ ನಾನು ಒಮ್ಮೆ ಎಡವಿದೆ. ಕಂದಪದ್ಯವನ್ನು ಕೊಟ್ಟು, ಮೊದಲೆರಡು ಪಾದಗಳ ಮಾತ್ರೆಯಾದ 12 ಮತ್ತು 20ನ್ನು ಬೀಗಕ್ಕಿಟ್ಟಿದ್ದೆ. ಒಂದು ತಂಡ ಬಹುಬೇಗ 1220 ಎಂದು ತೆರೆದು ಚಪ್ಪಾಳೆ ತಟ್ಟಿತು. ಯಾವ ಛಂದಸ್ಸೆಂದು ಕೇಳಿದರೆ, "ಭೋಗಷಟ್ಪದಿ ಸಾರ್" ಎಂದರು! ತಪ್ಪೇನು ಅವರದಲ್ಲ. ಭೋಗದ ಮೊದಲ ಪಾದ ಮೂರು ಮಾತ್ರೆಯ ನಾಲ್ಕು ಗಣ, 12. ಮೂರನೆಯ ಪಾದ ಆರು ಗಣ ಮತ್ತೊಂದು ಗುರು, 20. ಕಂದದಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಐದು ಗಣ. ಮತ್ತೆ 12, 20. ಲೆಕ್ಕ ಒಂದೇ, ನಡಿಗೆ ಬೇರೆ. ಕಿವಿಯಿಂದ ತಿಳಿಯಬೇಕಾದ ಭೇದವನ್ನು ಬೀಗ ತಿಳಿಯದು. ತಪ್ಪು ಕಾರಣಕ್ಕೆ ಸರಿಯಾಗಿ ತೆರೆದುಕೊಂಡಿತು. ಪರೀಕ್ಷೆಯ ಅಂಕಗಳೂ ಕೆಲವೊಮ್ಮೆ ಹೀಗೆಯೇ ತೆರೆದುಕೊಳ್ಳುತ್ತವೆಯಲ್ಲವೆ? ಅಂದಿನಿಂದ ಪಾದಗಳ ಸಂಖ್ಯೆ, ಗಣದ ಮಾತ್ರೆ, ಪದ್ಯದ ಒಟ್ಟು ಮಾತ್ರೆ ಮೂರನ್ನೂ ಸೇರಿಸುತ್ತೇನೆ: ಕಂದಕ್ಕೆ 4464, ಭೋಗಕ್ಕೆ 6388. ಯಾವ ಬೀಗವನ್ನಿಡುವ ಮೊದಲೂ, ತಪ್ಪು ದಾರಿಯಿಂದ ಇದೇ ಸಂಖ್ಯೆಗೆ ಬರಬಹುದೆ ಎಂದು ಅಧ್ಯಾಪಕರು ತಾವೇ ಲೆಕ್ಕಹಾಕಿ ನೋಡಬೇಕು.

ತರಗತಿಯ ವ್ಯವಸ್ಥೆಯೂ ಬದಲಾಗಿದೆ. ಐದಾರು ಮಕ್ಕಳಿಗೆ ಒಂದು ಪೆಟ್ಟಿಗೆ. ತಂಡದ ಪ್ರತಿಯೊಬ್ಬರಿಗೂ ಬೇರೆ ಲಕೋಟೆ. ಒಬ್ಬರ ಲಕೋಟೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಓದಿ ಹೇಳಬೇಕು. ಹಿಂದಿನ ಬೆಂಚಿನವಳು ಬಾಯಿಬಿಡದೆ ಬೀಗ ತೆರೆಯದೆಂದಾದ ಮೇಲೆ, ಮುಂದಿನವರು ಕಿವಿಗೊಡಲೇಬೇಕು. ಬೀಗ ಮುಟ್ಟುವ ಮೊದಲು ಪ್ರಸ್ತಾರವನ್ನು ಕಾಗದದ ಮೇಲೆ ತೋರಿಸಬೇಕು. ಪ್ರತಿ ತಂಡಕ್ಕೂ ಎರಡು ಸಹಾಯಚೀಟಿಗಳು. ಅವನ್ನು ಕೊಟ್ಟರೆ ನಾನು ಒಂದು ಸುಳಿವು ಹೇಳುತ್ತೇನೆ. ನಲವತ್ತೈದು ನಿಮಿಷದ ಅವಧಿಯಲ್ಲಿ ಮೂವತ್ತು ಆಟಕ್ಕೆ, ಉಳಿದದ್ದು "ಹೇಗೆ ತಿಳಿಯಿತು" ಎಂಬ ಪ್ರಶ್ನೆಗೆ. ಈ ಕೊನೆಯ ಭಾಗವನ್ನು ಸಮಯ ಸಾಲದೆಂದು ಬಿಟ್ಟವರು ಆಟವನ್ನೇ ಆಡದಿದ್ದರೂ ಆದೀತು. ವ್ಯಾಕರಣದ ಎಲ್ಲ ಪಾಠಗಳಿಗೂ ಇದು ಸಲ್ಲದು. ಕಾವ್ಯದ ರಸವನ್ನಂತೂ ಅಂಕಿಗೆ ಇಳಿಸಲು ಹೋಗಬಾರದು. ನಾನು ಇದನ್ನು ವರ್ಷಕ್ಕೆ ನಾಲ್ಕೈದು ಸಲ, ಪಾಠ ಮುಗಿದು ಪುನರಾವರ್ತನೆಯಾಗುವಾಗ ಮಾತ್ರ ಬಳಸುತ್ತೇನೆ.

ಕಡೆಯದಾಗಿ ದಾನಿಗಳಲ್ಲಿ ಒಂದು ವಿಜ್ಞಾಪನೆ. ಹೊರಗಿನಿಂದ ತರಿಸಿದ ದುಬಾರಿಯ ಒಂದು ಕಿಟ್ಟಿಗಿಂತ, ಪೇಟೆಯ ಹತ್ತು ನಾಲ್ಕಂಕಿಯ ಬೀಗಗಳೂ ಹತ್ತು ತಗಡಿನ ಪೆಟ್ಟಿಗೆಗಳೂ ಇಡೀ ತರಗತಿಗೆ ಆಗುತ್ತವೆ. ಮನೆಯಲ್ಲಿ ಪ್ರಯಾಣದ ಚೀಲಗಳ ಹಳೆಯ ಅಂಕಿಬೀಗಗಳು ಬಿದ್ದಿದ್ದರೆ ಅವನ್ನೂ ಕಳುಹಿಸಬಹುದು. ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕಟ್ಟಿರಿ. ಸಂಖ್ಯೆ ಮರೆತಿದ್ದರೂ ಸಂಕೋಚಪಡಬೇಕಾಗಿಲ್ಲ. ಮೂರಂಕಿಯದಾದರೆ, ಸಹನೆಯುಳ್ಳ ಹುಡುಗರು ನಮ್ಮಲ್ಲಿ ಇದ್ದೇ ಇದ್ದಾರೆ.