ಲ್ಯಾಪ್‌ಟಾಪಿನ ವೈಫೈ ಬಂದ್ ಆದಾಗ ಎಲ್ಲಿ ನೋಡಬೇಕು

ವಿದ್ಯಾರ್ಥಿವೇತನದ ಅರ್ಜಿ ತುಂಬುವುದಿರಲಿ, ಹೊಲದ ಉತಾರ ತೆಗೆಯುವುದಿರಲಿ, ಲ್ಯಾಪ್‌ಟಾಪು ತೆರೆದಾಗ ವೈಫೈ ಗುರುತಿನ ಜಾಗದಲ್ಲಿ ವಿಮಾನದ ಚಿತ್ರ ಕಂಡರೆ ಮೊದಲು ಬರುವ ಮಾತು ‘ನೆಟ್‌ವರ್ಕ್ ಇಲ್ರೀ’. ನವಿಲುತೀರ್ಥದ ಕಡೆ ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಅಲ್ಲಿ ಅಣೆಕಟ್ಟೆ ನಿಂತಿರುವುದೇ ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ. ಗುಡ್ಡದ ಮರೆಗೆ ಸರಿದರೆ ಮೊಬೈಲಿನ ಕಡ್ಡಿಗಳು ಇಳಿಯುವುದು ಸಹಜ. ಆದರೆ ವೈಫೈ ಬಂದ್ ಆಗುವುದಕ್ಕೂ ಟವರಿಗೂ ಸಂಬಂಧವಿಲ್ಲ. ದೋಷ ಲ್ಯಾಪ್‌ಟಾಪಿನ ಒಳಗಿದೆ, ಬಹಳ ಸಲ ಅದು ಒಂದು ಗುಂಡಿಯಷ್ಟು ಚಿಕ್ಕದು.

ಆ ಅಣೆಕಟ್ಟೆಯ ಜಲಾಶಯ ರೇಣುಕಾಸಾಗರದಲ್ಲಿ 37 ಟಿಎಂಸಿ ನೀರು ತುಂಬಿದ್ದರೂ ಗೇಟು ಎತ್ತದೆ ಕಾಲುವೆಗೆ ಹನಿ ಇಳಿಯದು. ಗೇಟು ಎತ್ತಿದರೂ ಹೊಲಗಾಲುವೆಯ ಬಾಯಿ ಮುಚ್ಚಿದ್ದರೆ ಜೋಳಕ್ಕೆ ನೀರಿಲ್ಲ. ಲ್ಯಾಪ್‌ಟಾಪಿನಲ್ಲೂ ಇಂಥ ಗೇಟುಗಳು ಒಂದರ ಹಿಂದೊಂದು ಇವೆ. ಯಾವುದು ಮುಚ್ಚಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಅದೇ ವೈಫೈಗೆ ಮೊಬೈಲನ್ನು ಜೋಡಿಸಿ ನೋಡಿ. ಮೊಬೈಲಿಗೆ ಬಂದರೆ ರೂಟರಿನ ಮೇಲೆ ಅನುಮಾನ ಬೇಡ. ಬಳಿಕ ಕೀಬೋರ್ಡಿನ ಮೇಲ್ಸಾಲು ನೋಡಿ. ವಿಮಾನದ ಅಥವಾ ಅಲೆ ಎಬ್ಬಿಸುವ ಕಂಬದ ಚಿತ್ರವಿರುವ ಗುಂಡಿ ಒಂದಿರುತ್ತದೆ: ಎಚ್‌ಪಿಯ ಬಹಳಷ್ಟು ಮಾದರಿಗಳಲ್ಲಿ ಎಫ್12, ಆಸುಸ್‌ನ ಹಲವದರಲ್ಲಿ ಎಫ್2. ಅದನ್ನು ಒಂಟಿಯಾಗಿ ಒತ್ತಿ, ಆಗದಿದ್ದರೆ ಎಫ್‌ಎನ್ ಗುಂಡಿಯ ಜೊತೆ ಒತ್ತಿ. ಕೀಬೋರ್ಡ್ ಒರೆಸುವಾಗ ಬಟ್ಟೆ ತಾಗಿ ಇದು ಒತ್ತಿಹೋಗುವುದು ಸಾಮಾನ್ಯ. ಹಳೆಯ ಡೆಲ್, ಥಿಂಕ್‌ಪ್ಯಾಡ್‌ಗಳ ಅಂಚಿನಲ್ಲಿ ಸರಿಸುವ ಪುಟ್ಟ ಸ್ವಿಚ್ಚೇ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಂಡವರಿಗೆ ಅದರ ಸುಳಿವೇ ಇರುವುದಿಲ್ಲ. ಆ ಸ್ವಿಚ್ಚು ಮುಚ್ಚಿದ್ದರೆ ವಿಂಡೋಸ್‌ನಲ್ಲಿ ಏನು ಮಾಡಿದರೂ ವೈಫೈ ಏಳದು.

ಉಬುಂಟು ಬಳಸುವವರಿಗೆ ಇಲ್ಲೊಂದು ಅನುಕೂಲವಿದೆ, ವಿಂಡೋಸ್ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಟರ್ಮಿನಲ್‌ನಲ್ಲಿ ‘ಆರ್‌ಎಫ್‌ಕಿಲ್ ಲಿಸ್ಟ್’ ಎಂದು ಕೊಟ್ಟರೆ ತಡೆ ಸಾಫ್ಟೋ ಹಾರ್ಡೋ ಎಂದು ತೋರಿಸುತ್ತದೆ. ಸಾಫ್ಟ್ ಇದ್ದರೆ ಆಜ್ಞೆಯಿಂದಲೇ ತೆಗೆಯಬಹುದು. ಹಾರ್ಡ್ ಎಂದರೆ ಸ್ವಿಚ್ಚು ಹುಡುಕಬೇಕು.

ವಿಂಡೋಸ್‌ನಲ್ಲಿ ಮುಂದಿನ ಗೇಟು ಡಿವೈಸ್ ಮ್ಯಾನೇಜರ್. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆ ಹೆಸರು ಸಿಗುತ್ತದೆ. ಅದರಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಬಿಚ್ಚಿ ನೋಡಿ. ವೈಫೈ ಕಾರ್ಡಿನ ಹೆಸರಿಗೆ ಕೆಳಮುಖದ ಬಾಣ ಅಂಟಿದ್ದರೆ ಯಾರೋ ಅದನ್ನು ಬಂದ್ ಮಾಡಿದ್ದಾರೆ. ರೈಟ್ ಕ್ಲಿಕ್ ಮಾಡಿ ಎನೇಬಲ್ ಒತ್ತಿದರೆ ಆಯಿತು. ಹಳದಿ ತ್ರಿಕೋನವಿದ್ದರೆ ಡ್ರೈವರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹೆಸರೇ ಕಾಣದಿದ್ದರೆ ಕಾರ್ಡು ಯಂತ್ರಕ್ಕೆ ಕಾಣುತ್ತಿಲ್ಲ ಎಂದರ್ಥ.

ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ಡ್ರೈವರ್ ಬೇಕು. ಈ ಗಂಟು ಬಿಡಿಸಲು ಮೊಬೈಲಿನ ಚಾರ್ಜಿಂಗ್ ಕೇಬಲ್ ಸಾಕು. ಅದರಿಂದ ಮೊಬೈಲನ್ನು ಲ್ಯಾಪ್‌ಟಾಪಿಗೆ ಸೇರಿಸಿ, ಹಾಟ್‌ಸ್ಪಾಟ್ ಇರುವ ಪುಟದಲ್ಲೇ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ. ಲ್ಯಾಪ್‌ಟಾಪಿಗೆ ತಂತಿಯಲ್ಲೇ ನೆಟ್ ಹರಿಯುತ್ತದೆ. ಬರೀ ಚಾರ್ಜ್ ಆಗುವ ಅಗ್ಗದ ಕೇಬಲ್ಲಾದರೆ ಆಗದು, ಡೇಟಾ ಹೋಗುವ ಕೇಬಲ್ ಬೇಕು. ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ, ಮಾದರಿಯ ಹೆಸರು ಕೊಟ್ಟು ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ’ ಎನ್ನುವ ತಂತ್ರಾಂಶಗಳ ಸಹವಾಸ ಬೇಡವೇ ಬೇಡ. ಅರ್ಜಿಯ ಕೊನೆಯ ದಿನ ಅವತ್ತೇ ಆಗಿದ್ದರೆ ರಿಪೇರಿಯನ್ನು ಬದಿಗಿಟ್ಟು ಇದೇ ತಂತಿಯಲ್ಲಿ ಅರ್ಜಿ ಕಳಿಸಿಬಿಡಿ.

‘ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ, ಆದರೂ ಬರಲಿಲ್ಲ’ ಎನ್ನುವವರು ಬಹಳ. ವಿಂಡೋಸ್ 10, 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿ ಮಲಗುತ್ತದೆ, ಎದ್ದಾಗ ಹಳೆಯ ತಕರಾರೂ ಏಳಬಹುದು. ರೀಸ್ಟಾರ್ಟ್ ಕೊಟ್ಟರೆ ಹೊಸದಾಗಿ ಶುರುವಾಗುತ್ತದೆ. ಬ್ಯಾಟರಿ ಉಳಿಸುವ ನೆಪದಲ್ಲಿ ವಿಂಡೋಸ್ ಕಾರ್ಡನ್ನು ಮಲಗಿಸುವುದೂ ಉಂಟು. ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಪುಟ ಸಿಕ್ಕರೆ ಅಲ್ಲಿನ ಟಿಕ್ ತೆಗೆಯಿರಿ.

ಕೆಲವೊಮ್ಮೆ ವೈಫೈ ಚಾಲೂ ಇರುತ್ತದೆ, ಆದರೆ ನಿಮ್ಮ ಹಾಟ್‌ಸ್ಪಾಟ್ ಮಾತ್ರ ಕಾಣುವುದಿಲ್ಲ. ಹೊಸ ಮೊಬೈಲು 5 ಗಿಗಾಹರ್ಟ್ಸ್‌ನಲ್ಲಿ ಕೂಗುತ್ತಿರುತ್ತದೆ, ಹಳೆಯ ಲ್ಯಾಪ್‌ಟಾಪಿಗೆ 2.4 ಮಾತ್ರ ಕೇಳುತ್ತದೆ. ಹಾಟ್‌ಸ್ಪಾಟಿನ ಬ್ಯಾಂಡನ್ನು 2.4ಕ್ಕೆ ಇಳಿಸಿ. ಅಮೆರಿಕದಿಂದ ಮಗ ತಂದ ಲ್ಯಾಪ್‌ಟಾಪಿನದು ಇನ್ನೊಂದು ಕತೆ. ಇಲ್ಲಿಯ ರೂಟರು 12 ಅಥವಾ 13ನೇ ಚಾನೆಲ್ ಹಿಡಿದಿದ್ದರೆ ಅಲ್ಲಿಯ ನಿಯಮಕ್ಕೆ ಹೊಂದಿಸಿದ ಕಾರ್ಡು ಅದನ್ನು ನೋಡದೆ ಹೋಗಬಹುದು. 1, 6, 11ರಲ್ಲಿ ಒಂದಕ್ಕೆ ಬದಲಿಸಬೇಕು.

ಇಷ್ಟಾದರೂ ಆಗದಿದ್ದರೆ ಬೈಲಹೊಂಗಲಕ್ಕೋ ಧಾರವಾಡಕ್ಕೋ ಒಯ್ಯುವ ಮೊದಲು ಒಂದು ಪರೀಕ್ಷೆ ಮಾಡಿ. ರೂಟರಿನ ಪಕ್ಕದಲ್ಲಿಟ್ಟರೆ ಹಿಡಿದು, ಪಕ್ಕದ ಕೋಣೆಗೆ ಒಯ್ದರೆ ಬಿಡುತ್ತದೆಯೇ? ಹಾಗಿದ್ದರೆ ಆಂಟೆನಾ ತಂತಿಯನ್ನು ಅನುಮಾನಿಸಿ. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಆ ಸಣ್ಣ ತಂತಿಗಳು ಪರದೆಯ ಕೀಲಿನ ಮೂಲಕ ಹಾದು ಬರುತ್ತವೆ. ಕೀಲು ಮುರಿದಾಗ ಅವೂ ತುಂಡಾಗುತ್ತವೆ. ಅಂಗಡಿಯವರು ನೋಡಿದ ಕೂಡಲೇ ‘ಫಾರ್ಮ್ಯಾಟ್ ಮಾಡೋಣ’ ಎಂದರೆ ಒಪ್ಪಬೇಡಿ, ಕೀಲು ಬಿಚ್ಚಿ ತಂತಿ ನೋಡಲು ಹೇಳಿ. ಕಾರ್ಡೇ ಸತ್ತಿದ್ದರೆ ಯುಎಸ್‌ಬಿ ವೈಫೈ ಡಾಂಗಲ್ ಚುಚ್ಚಿಕೊಂಡು ಆ ಲ್ಯಾಪ್‌ಟಾಪನ್ನು ಇನ್ನೂ ಹಲವು ವರ್ಷ ದುಡಿಸಬಹುದು.