ಎರಡನೆಯ ಪ್ರೀತಿಯ ಘನತೆ

ಮನುಷ್ಯರು ಬದುಕಿನಲ್ಲಿ ಒಮ್ಮೆ ಮಾತ್ರ ಪ್ರೀತಿಸಬಲ್ಲರು ಎಂಬುದು ಮರಿಯಾನ್ ಡ್ಯಾಶ್‌ವುಡ್‌ಳ ಗಟ್ಟಿ ನಂಬಿಕೆ. ಜೇನ್ ಆಸ್ಟಿನ್ 1811ರಲ್ಲಿ ಪ್ರಕಟಿಸಿದ ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ಯ ಈ ಹುಡುಗಿ ಹುಟ್ಟಿದ್ದೇ ತಂದೆಯ ಎರಡನೆಯ ಮದುವೆಯಿಂದ. ಅವಳಿಗೆ ಅದು ಹೊಳೆಯುವುದಿಲ್ಲ, ಅಕ್ಕ ಎಲಿನರ್‌ಗೆ ಹೊಳೆಯುತ್ತದೆ. ಕೊನೆಗೆ ಮರಿಯಾನ್ ಕೂಡ ಎರಡನೆಯ ಬಾರಿ ಪ್ರೀತಿಸುತ್ತಾಳೆ.

ಆಸ್ಟಿನ್ ಕಾಲದ ಆ ಇಂಗ್ಲೆಂಡಿನಲ್ಲೇ ಇಂದಿನ ರೀಜೆನ್ಸಿ ಪ್ರಣಯ ಕಾದಂಬರಿಗಳು ನಡೆಯುತ್ತವೆ. ಅವುಗಳಲ್ಲಿ ವಿಧವೆ, ವಿಧುರರ ಕಥೆಗಳೂ ಇವೆ. ಅವನ್ನು ಬರೀ ಹೊತ್ತು ಕಳೆಯುವ ಓದೆಂದು ಬದಿಗೆ ಸರಿಸುವುದು ಅನ್ಯಾಯ.

ಒಪ್ಪಿಗೆಯ ಬೆಲೆ

ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಸ್ವಂತ ಅಸ್ತಿತ್ವವಿರಲಿಲ್ಲ. ಅವಳ ಹಣ, ಸಂಪಾದನೆ ಗಂಡನ ಪಾಲು. ತನ್ನ ಹೆಸರಿನಲ್ಲಿ ಆಸ್ತಿ ಹೊಂದಿ, ಕರಾರಿಗೆ ತಾನೇ ಸಹಿ ಹಾಕುವ ಅಧಿಕಾರ ವಿಧವೆಗಿತ್ತು. ಮೊದಲೇ ಟ್ರಸ್ಟ್ ಮಾಡಿಡದಿದ್ದರೆ, ಮರುಮದುವೆಯೊಂದಿಗೆ ಆ ಸ್ವಾತಂತ್ರ್ಯವೂ ಹಣವೂ ಹೊಸ ಗಂಡನ ಕೈಸೇರುತ್ತಿದ್ದವು. 1870 ಮತ್ತು 1882ರ ಕಾಯ್ದೆಗಳು ಬರುವವರೆಗೂ ಸ್ಥಿತಿ ಹೀಗೇ ಇತ್ತು. ಹಾಗಾಗಿ ವಿಧವೆಯ ‘ಹ್ಞೂಂ’ ಎಂಬುದಕ್ಕೆ ಹದಿನೆಂಟರ ಹುಡುಗಿಯ ಒಪ್ಪಿಗೆಗಿಲ್ಲದ ತೂಕವಿದೆ. ತಾನು ಏನನ್ನು ಬಿಟ್ಟುಕೊಡುತ್ತಿದ್ದೇನೆಂದು ಅವಳಿಗೆ ಗೊತ್ತು.

ಜಾರ್ಜ್ ಎಲಿಯಟ್‌ರ ‘ಮಿಡಲ್‌ಮಾರ್ಚ್’ (1871–72) ಇದನ್ನು ಒರೆಗೆ ಹಚ್ಚುತ್ತದೆ. ವಿಲ್ ಲ್ಯಾಡಿಸ್ಲಾನನ್ನು ಮದುವೆಯಾದರೆ ಡೊರೊಥಿಯಾಗೆ ಆಸ್ತಿಯಿಲ್ಲ ಎಂದು ಗಂಡ ಕಸೌಬನ್ ಉಯಿಲಿಗೆ ಷರತ್ತು ಸೇರಿಸಿ ಸಾಯುತ್ತಾನೆ. ಅವಳು ಆಸ್ತಿ ಬಿಟ್ಟು ವಿಲ್‌ನನ್ನು ಆರಿಸಿಕೊಳ್ಳುತ್ತಾಳೆ.

ಸತ್ತವರಿಗೂ ನ್ಯಾಯ

ಮೊದಲ ಗಂಡ ಕೆಟ್ಟವನಾಗಿದ್ದರೆ ಕಥೆಗಾರರ ಕೆಲಸ ಹಗುರ. ಅವನು ಒಳ್ಳೆಯವನಾಗಿದ್ದರೆ? ಜೂಲಿಯಾ ಕ್ವಿನ್‌ರ ‘ವೆನ್ ಹಿ ವಾಸ್ ವಿಕೆಡ್’ (2004) ಕಷ್ಟದ ಈ ದಾರಿಯನ್ನೇ ಹಿಡಿಯುತ್ತದೆ. ಫ್ರಾನ್ಸೆಸ್ಕಾ ಬ್ರಿಡ್ಜರ್ಟನ್ ಗಂಡ ಜಾನ್‌ನನ್ನು ಮನಸಾರೆ ಪ್ರೀತಿಸಿದವಳು. ಅವನು ಮದುವೆಯಾದ ಎರಡೇ ವರ್ಷಕ್ಕೆ ತೀರಿಕೊಳ್ಳುತ್ತಾನೆ, ಅವಳ ಹೊಟ್ಟೆಯ ಕೂಸೂ ಉಳಿಯುವುದಿಲ್ಲ. ಅವಳನ್ನು ಗುಟ್ಟಾಗಿ ಪ್ರೀತಿಸುತ್ತಿದ್ದ ಜಾನ್‌ನ ದಾಯಾದಿ ಮೈಕಲ್‌ಗೆ ಜಮೀನು, ಪದವಿ ಎಲ್ಲವೂ ಸಿಗುತ್ತವೆ. ಸತ್ತವನ ಹೆಂಡತಿಯನ್ನೂ ಬಯಸುವುದು ಕಳ್ಳತನವೆನಿಸಿ, ಅವನು ಭಾರತಕ್ಕೆ ಓಡಿಬರುತ್ತಾನೆ. ಸೋದರನ ವಿಧವೆಯನ್ನು ಮದುವೆಯಾಗಲು ಇಂಗ್ಲೆಂಡಿನಲ್ಲಿ 1921ರವರೆಗೂ ನಿಷೇಧವಿತ್ತು. ದಾಯಾದಿಗೆ ಅಂಥ ತಡೆಯಿರಲಿಲ್ಲ. ಮೈಕಲ್‌ನನ್ನು ತಡೆಯುವುದು ಅವನ ಮನಸ್ಸಾಕ್ಷಿ ಮಾತ್ರ. ಕ್ವಿನ್ ಜಾನ್‌ನನ್ನು ಎಲ್ಲೂ ಸಣ್ಣವನನ್ನಾಗಿ ಮಾಡುವುದಿಲ್ಲ. ಈ ಪುಸ್ತಕದ ಹೆಚ್ಚುಗಾರಿಕೆ ಇರುವುದು ಅಲ್ಲೇ.

ನಮ್ಮ ಓದಿಗೆ

ನಮ್ಮಲ್ಲಿ 1856ರ ಕಾಯ್ದೆ ಹಿಂದೂ ವಿಧವೆಯ ಮರುಮದುವೆಯನ್ನು ಸಿಂಧುಗೊಳಿಸಿತು. ಆದರೆ ಹಾಗೆ ಮದುವೆಯಾದವಳು ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕು ಕಳೆದುಕೊಳ್ಳುತ್ತಿದ್ದಳು. ಹಲವು ಸಮುದಾಯಗಳಲ್ಲಿ ಉಡಿಕೆಯ, ಅಂದರೆ ವಿಧವೆಯ ಮರುಮದುವೆಯ, ರೂಢಿ ಇದ್ದೇ ಇತ್ತು. ಮೇಲ್ಜಾತಿಗಳು ಮಾತ್ರ ಬಾಗಿಲು ಮುಚ್ಚಿಕೊಂಡಿದ್ದವು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಆ ಬಾಗಿಲನ್ನು ತಳ್ಳಿತು. ಅಲ್ಲಿ ಎಳೆಯ ವಿಧವೆ ಓದಿ, ಮೆಚ್ಚಿದವನ ಕೈಹಿಡಿಯುತ್ತಾಳೆ. ಭೈರಪ್ಪನವರ ‘ವಂಶವೃಕ್ಷ’ದ (1965) ಕಾತ್ಯಾಯನಿ ಮರುಮದುವೆಯಾಗಿಯೂ ಅಪರಾಧಪ್ರಜ್ಞೆಯಲ್ಲಿ ಕುಗ್ಗಿಹೋಗುತ್ತಾಳೆ. ಕಾನೂನು ಅನುಮತಿಸಿದ್ದನ್ನು ಮನಸ್ಸು ಅನುಮತಿಸಲು ಎಷ್ಟು ಕಾಲ ಬೇಕೆಂಬುದಕ್ಕೆ ಅವಳೇ ಸಾಕ್ಷಿ.

ಈ ಕಾರಣಕ್ಕೇ ಪ್ರಣಯ ಕಾದಂಬರಿಯ ಸುಖಾಂತ್ಯವನ್ನು ಹಗುರವಾಗಿ ಕಾಣಬಾರದು. ಹೋದವರ ನೆನಪನ್ನು ಅಳಿಸದೆಯೇ ಇನ್ನೊಬ್ಬರನ್ನು ಪ್ರೀತಿಸಬಹುದು, ಅದಕ್ಕಾಗಿ ಯಾರೂ ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ ಎಂದು ಅದು ವಾದಿಸುತ್ತದೆ. ಗಂಡು ಮರುಮದುವೆಯಾದರೆ ‘ಮನೆಗೊಬ್ಬಳು ಬೇಕಲ್ಲ’ ಎಂದು ಸಮಾಧಾನಪಡುವ, ಹೆಣ್ಣಾದರೆ ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ’ ಎಂದು ಕೇಳುವ ಮನೆಗಳು ಇನ್ನೂ ಇವೆ. ಅವು ಇರುವವರೆಗೆ ಈ ವಾದ ಹಳತಾಗುವುದಿಲ್ಲ.