ಗಿಣ್ಣಿನ ಸವಿ, ಕರುವಿನ ಪಾಲು

ಕೊಟ್ಟಿಗೆಯಲ್ಲಿ ಹಸು ಈದ ವಾರ್ತೆ ಅಡುಗೆಯ ಮನೆಯನ್ನು ಮುಟ್ಟಲು ತಡವಾಗದು. ಬೆಲ್ಲದ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಏಲಕ್ಕಿ ಕುಟ್ಟುವ ಸದ್ದು ಕೇಳುತ್ತದೆ. ಇಂದು ಗಿಣ್ಣು ಎಂದು ಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲ.

ಧಾರವಾಡದ ಪೇಡೆಯೂ ಬೆಳಗಾವಿಯ ಕುಂದವೂ ಒಲೆಯ ಮುಂದೆ ನಿಂತು ಹಾಲನ್ನು ಬತ್ತಿಸಿದವರ ತೋಳ್ಬಲದ ಫಲ. ಬಂಗಾಳದ ರಸಗುಲ್ಲಕ್ಕಾದರೆ ಹುಳಿ ಬೆರೆಸಿ ಹಾಲನ್ನು ಒಡೆಯಬೇಕು. ಗಿಣ್ಣಿಗೆ ಇವೆರಡೂ ಬೇಡ. ಈದ ಮೊದಲ ದಿನದ ಹಳದಿ ಛಾಯೆಯ ಮಂದ ಹಾಲಿಗೆ ಅದರ ಎರಡರಷ್ಟು ಸಾಧಾರಣ ಹಾಲು ಬೆರೆಸಿ, ಬೆಲ್ಲ ಕರಗಿಸಿ, ಸೋಸಿ, ಏಲಕ್ಕಿಯ ಪುಡಿ ಉದುರಿಸಿ, ತಟ್ಟೆಗೆ ಸುರಿದು ಹಬೆಯಲ್ಲಿಟ್ಟರೆ ಸಾಕು. ಚುಚ್ಚಿದ ಚಾಕು ಅಂಟಿಲ್ಲದೆ ಹೊರಬಂದರೆ ಬೆಂದಿತೆಂದು ತಿಳಿಯಬೇಕು. ಆರಿದ ಮೇಲೆ ಬಿಲ್ಲೆಗಳಾಗಿ ಕೊಯ್ಯಬೇಕು. ಎರಡನೆಯ ದಿನದ ಹಾಲಿಗೆ ಬೆರಕೆ ಕಡಮೆ. ಮೂರು ನಾಲ್ಕು ದಿನ ಕಳೆದರೆ ಹಾಲು ಗಟ್ಟಿಯಾಗುವ ಗುಣವನ್ನೇ ತೊರೆಯುತ್ತದೆ.

ಈ ಗುಣ ಬಂದುದಾದರೂ ಎಲ್ಲಿಂದ? ಸಾಧಾರಣ ಹಸುವಿನ ಹಾಲಿನಲ್ಲಿ ನೂರಕ್ಕೆ 3ರಿಂದ 4 ಭಾಗ ಸಸಾರಜನಕವಿದ್ದರೆ, ಮೊದಲ ಕರೆತದ ಹಾಲಿನಲ್ಲಿ ಅದು ಸುಮಾರು 14 ಭಾಗ. ಅದರಲ್ಲಿ ರೋಗನಿರೋಧಕ ದ್ರವ್ಯಗಳದು ದೊಡ್ಡ ಪಾಲು. ಶಾಖ ತಗುಲಿದಾಗ ಅವು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತವೆ. ಎಂದ ಮೇಲೆ, ನಮ್ಮ ತಟ್ಟೆಯಲ್ಲಿ ಗಟ್ಟಿಯಾಗಿ ನಿಂತಿರುವುದು ಕರುವಿನ ರಕ್ಷೆಯೇ.

ಮನುಷ್ಯನ ಶಿಶು ಈ ರಕ್ಷೆಯ ಒಂದಂಶವನ್ನು ಗರ್ಭದಲ್ಲಿಯೇ ಪಡೆದು ಬರುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ತಾಯಿಯ ಮೊದಲ ಹಾಲೇ ಅದಕ್ಕೆ ಕವಚ. ಆ ಕವಚವನ್ನು ಹೀರಿಕೊಳ್ಳುವ ಶಕ್ತಿಯೂ ಕರುಳಿಗೆ ಹೆಚ್ಚು ಹೊತ್ತು ಇರುವುದಿಲ್ಲ. ಗಂಟೆಗಂಟೆಗೂ ಕುಗ್ಗುತ್ತ 24 ಗಂಟೆಗಳಲ್ಲಿ ಮುಗಿದುಹೋಗುತ್ತದೆ. 30 ಕಿಲೋ ತೂಗುವ ಕರುವಿಗೆ ಮೊದಲ ಕೆಲವು ಗಂಟೆಗಳೊಳಗೆ ಸುಮಾರು 3 ಲೀಟರ್ ಗಿಣ್ಣದ ಹಾಲು ಸಲ್ಲಬೇಕೆಂಬುದು ಪಶುವೈದ್ಯರ ಲೆಕ್ಕ. ಆದರೂ, ಮಾಸು ಬೀಳುವವರೆಗೆ ಕರುವನ್ನು ಮೊಲೆಗೆ ಬಿಡಬಾರದೆಂಬ ನಂಬಿಕೆ ಕೆಲವೆಡೆ ಇನ್ನೂ ಉಳಿದಿದೆ. ಬದುಕನ್ನು ಕಾಯಬೇಕಾದ ಗಂಟೆಗಳು ಹೀಗೆ ಕಾಯುವುದರಲ್ಲಿಯೇ ಕಳೆಯುತ್ತವೆ. ಕರು ಮೊಲೆ ಉಂಡರೆ ಮಾಸು ಬೀಳುವುದಕ್ಕೂ ಸಹಾಯವಾಗುತ್ತದೆಂಬುದನ್ನು ಮನೆಮನೆಗೂ ತಿಳಿಸಬೇಕಾಗಿದೆ.

ಹಸಿದ ಕರುವಿಗೆ ಹಾಲೂಡಿ ಬರುತ್ತೇನೆಂದು ಹುಲಿಯಿಂದ ಅವಧಿ ಬೇಡಿದ ಪುಣ್ಯಕೋಟಿಯ ಕಥೆಯನ್ನು ಕೇಳಿ ಬೆಳೆದವರು ನಾವು. ಹುಲಿಯೇ ಒಪ್ಪಿ ಬಿಟ್ಟ ಪಾಲನ್ನು ಮನೆಯವರು ತಡೆಯಬಹುದೆ?

ಗಿಣ್ಣದ ಹಾಲು ಮಾರಾಟದ ಹಾಲಿನಲ್ಲಿ ಬೆರೆತಿರಬಾರದೆಂದು ನಮ್ಮ ದೇಶದ ಆಹಾರ ನಿಯಮವೇ ಹೇಳುತ್ತದೆ. ಡೇರಿಗೆ ಸಲ್ಲದ ಈ ಹಾಲು ನೆರೆಮನೆಗೆ ಸಲ್ಲುತ್ತದೆ. ತಂಬಿಗೆಯಲ್ಲಿ ಬಂದ ಹಾಲಿಗೆ ಬೆಲೆ ಕೇಳುವ ರೂಢಿ ಹಳ್ಳಿಗಳಲ್ಲಿ ವಿರಳ. ಹಸುವಿಲ್ಲದ ಪಟ್ಟಣಿಗರು ಚೀನಾ ಹುಲ್ಲು ಹಾಕಿ ಹಾಲನ್ನು ಗಟ್ಟಿಮಾಡಿ, ಅದನ್ನೇ ಗಿಣ್ಣೆಂದು ಕರೆದು ತೃಪ್ತಿಪಡುತ್ತಾರೆ. ಅದರಿಂದ ಕರುವಿಗೇನೂ ನಷ್ಟವಿಲ್ಲ, ನಷ್ಟವೆಲ್ಲ ನಾಲಗೆಗೆ.

ಚೆನ್ನಾಗಿ ಕರೆಯುವ ಹಸುವಾದರೆ ಕರು ಹೊಟ್ಟೆತುಂಬ ಕುಡಿದ ಮೇಲೂ ಒಂದೆರಡು ತಟ್ಟೆಗೆ ಸಾಲುವಷ್ಟು ಉಳಿದೀತು. ಉಳಿಯದಿದ್ದರೆ ಆ ಬಾರಿ ಆ ಮನೆಯಲ್ಲಿ ಗಿಣ್ಣಿಲ್ಲ ಎಂದುಕೊಳ್ಳಬೇಕು. ಕೊಟ್ಟಿಗೆಯಲ್ಲಿ ಕರು ಬದುಕಿ ಬೆಳೆದರೆ, ಮುಂದೊಂದು ದಿನ ಅದೇ ಹಸುವಾಗಿ ಈದು ಆ ತಟ್ಟೆಯನ್ನು ತುಂಬಿಸೀತು.